ಖಾಲಿ ಮನೆಗಳು

ಕೆಟಲಿನ ನೀರು ಎರಡನೇ ಸಲ ಕುದಿದು ಆರುತ್ತಿದ್ದರೂ ಮೇನಿರ್ ಅದನ್ನು ಕಪ್ಪಿಗೆ ಬಗ್ಗಿಸಿಕೊಂಡಿರಲಿಲ್ಲ. ಶಿಕ್ಷಕರ ಕೋಣೆಯ ಕಿಟಕಿಯಾಚೆ ಹಳೆಯ ಗಣಿಯ ಸ್ಲೇಟ್ ಕಲ್ಲಿನ ರಾಶಿಗಳು ನೆಂದು ಸೀಸದ ಬಣ್ಣಕ್ಕೆ ತಿರುಗಿದ್ದವು. ಅವಳು ಅವುಗಳನ್ನು ನೋಡುತ್ತಿರಲಿಲ್ಲ. ಕಿವಿಯೆಲ್ಲ ಹೊರಗಿನ ಓಣಿಯ ಕಡೆಗಿತ್ತು. ಸಹಶಿಕ್ಷಕಿ ಏರ್ಲಿಸ್ ಬಂದರೆ ಯಾವ ಮುಖ ಇಟ್ಟುಕೊಳ್ಳಬೇಕು? ದುಃಖದ ಮುಖ ಇಟ್ಟುಕೊಂಡರೆ ಕದ್ದವನೇ ಸಮಾಧಾನ ಹೇಳಲು ಹೋದ ಹಾಗೆ. ಏನೂ ಗೊತ್ತಿಲ್ಲದವಳಂತೆ ಇದ್ದರೆ ಇನ್ನೂ ಅಸಹ್ಯ. ಬೆಳಿಗ್ಗೆ ಕಾರಿನ ಕನ್ನಡಿಯಲ್ಲಿ ಒಂದು ಮುಖವನ್ನು ಹಾಕಿ ನೋಡಿದ್ದಳು, ಹಾಕಿ ನೋಡಿದ್ದಕ್ಕೇ ತನ್ನ ಮೇಲೆ ಹೇಸಿಗೆಪಟ್ಟುಕೊಂಡಿದ್ದಳು. ಇಷ್ಟು ವರ್ಷ ಒಂದೇ ಕೆಟಲಿನ ನೀರು ಕುಡಿದವಳ ಎದುರು ನಿಲ್ಲಲು ಮುಖವನ್ನು ಅಭ್ಯಾಸ ಮಾಡಿಕೊಳ್ಳಬೇಕಾಗಿ ಬಂದಿತ್ತು.

ಏರ್ಲಿಸ್ ಬಂದಾಗ ಅವಳ ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ಕಾದಿದೆಯಾ?" ಎಂದಳು.

"ಕಾದಿದೆ, ತಗೋ."

"ನಿನ್ನೆ ಎಲ್ಲರ ಮನೆಗೂ ಫೋನ್ ಮಾಡಿ ಹೇಳ್ದೆ. ತಾಯಂದಿರು ಅತ್ರು, ಒಬ್ಬ ಅಪ್ಪ ಬೈದ. ಗೆಥಿನ್ ಮನೇಲಿ ಮಾತ್ರ ಅವನೇ ಫೋನ್ ತಗೊಂಡ. ನಮ್ಮ ಕ್ಲಾಸು ಮುಚ್ತಿದೆ ಕಣೋ ಅಂದ್ರೆ, 'ಎಷ್ಟು ದಿನ ರಜ?' ಅಂತಾನೆ." ಏರ್ಲಿಸ್ ಚಹಾದ ಪೊಟ್ಟಣವನ್ನು ಚಮಚದಿಂದ ಒತ್ತುತ್ತ ನಿಂತಳು. "ನಿನ್ನ ಕ್ಲಾಸಿನೋರು ಮಾಡಿದ ಅಂಕಿಅಂಶದ ಚಿತ್ರ ನೋಡ್ದೆ ಮೇನಿರ್. ತುಂಬ ನೀಟಾಗಿತ್ತು."

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಮೇನಿರ್‌ಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ಅದ್ರಲ್ಲಿ ಹಾಜರಿ ಎಲ್ಲೋಯ್ತು ಅಂತ ಪ್ರಿನ್ಸಿಪಾಲ್ ಪೆನ್ರಿನ ಕೇಳ್ದೆ," ಎಂದಳು ಏರ್ಲಿಸ್. "ನನ್ನ ಕ್ಲಾಸಿಗೆ ಯಾರೂ ತಪ್ಪಿಸಲ್ಲ, ಹಿಮ ಬಿದ್ರೂ ಬರ್ತಾರೆ, ಅದನ್ನ ಯಾಕೆ ಲೆಕ್ಕಕ್ಕೆ ಹಿಡೀಲಿಲ್ಲ ಅಂದೆ. ಮಾಹಿತಿ ಅಪೂರ್ಣ ಇತ್ತು ಅಂದ."

"ಹೌದು, ಖಾಲಿ ಮನೆಗಳು ಜಾಸ್ತಿ ಇದ್ವು," ಎಂದಳು ಮೇನಿರ್. ಕಂಪ್ಯೂಟರಿನಲ್ಲಿ ಅಂಕಿಅಂಶ ಕಲಿಸುವ ತನ್ನ ತರಗತಿಯಲ್ಲಿ ಅವಳು ಪರದೆಯ ಮೇಲಿನ ಚೌಕಗಳನ್ನು ಮನೆ ಎಂದೇ ಕರೆಯುತ್ತಿದ್ದಳು. ಅವಳ ದನಿ ಪಾಠ ಹೇಳುವ ದನಿಯಾಗಿಬಿಟ್ಟಿತ್ತು. "ಎಷ್ಟೋ ಕ್ಲಾಸಿನೋರು ಹಾಜರಿ ತುಂಬೇ ಇರ್ಲಿಲ್ಲ. ಅಂಥಾ ಕಾಲಂ ಇಟ್ಕೊಂಡ್ರೆ ಲೆಕ್ಕ ದಾರಿ ತಪ್ಪುತ್ತೆ."

"ಇರ್ಬೋದಪ್ಪ, ನಂಗೆ ಅದೆಲ್ಲ ಬರಲ್ಲ." ಏರ್ಲಿಸ್ ಬಾಗಿಲ ತನಕ ಹೋಗಿ ತಿರುಗಿದಳು. "ನಿನ್ನ ಹೇಲ್ವೆನ್‌ಗೆ ನಾನು ಹೇಳಿಲ್ಲ, ಅವಳು ಮಾಡಿದ ಆ ಚಿತ್ರದಲ್ಲಿ ತಮ್ಮ ಗೆಥಿನ್ ಕ್ಲಾಸು ಯಾವುದು ಅಂತ. ಅದು ನನ್ನ ಕೆಲಸ ಅಲ್ಲ."

ಆಮೇಲೆ ಓಣಿಯಲ್ಲಿ ನಡೆಯುವಾಗ ಮೇನಿರ್‌ಗೆ ತಾನು ಆಡಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲವೆಂಬುದೇ ಹಿಂಬಾಲಿಸಿ ಬರುತ್ತಿತ್ತು. ಖಾಲಿ ಮನೆಗಳು ಇದ್ದದ್ದು ನಿಜ. ಅಂಥ ಕಾಲಂ ಬಿಡಬಹುದೆಂಬುದೂ ನಿಜ, ಅವಳೇ ಕಲಿಸುವ ಪಾಠ. ಆದರೆ ಕೆಲವು ವಾರಗಳ ಹಿಂದೆ ಒಂದು ಮಧ್ಯಾಹ್ನ, ಎಲ್ಲ ತರಗತಿಗಳ ಅಂಕಿಗಳಿದ್ದ, ಪೆನ್ರಿ ಕಳಿಸಿದ ಕಡತವನ್ನು ತೆರೆದು, ಪ್ರತಿಯೊಂದು ತರಗತಿಯ ಹೆಸರಿನ ಜಾಗಕ್ಕೆ ಒಂದೊಂದು ಅಕ್ಷರ ಹಾಕುತ್ತ ಕೂತಾಗ, ಹಾಜರಿಯ ಕಾಲಮ್ಮನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಜೋಡಿಸಿ ನೋಡಿದ್ದಳಲ್ಲ. ಎಲ್ಲಕ್ಕಿಂತ ಮೇಲೆ ಏರ್ಲಿಸಳ ತರಗತಿ ಬಂದಿತ್ತು, ತಾವಾಗಿ ಬದುಕುವುದನ್ನು ಕಲಿಯಲು ಬರುವ ನಿಧಾನಸ್ಥರ ತರಗತಿ: ಬಸ್ಸು ಹತ್ತುವುದು, ಮೊಟ್ಟೆ ಬೇಯಿಸುವುದು, ಬಿಳಿ ಬಟ್ಟೆ ಬಣ್ಣದ ಬಟ್ಟೆ ಬೇರೆ ಮಾಡುವುದು. ಎಲ್ಲಕ್ಕಿಂತ ಕೆಳಗೆ ಅವಳದೇ ತರಗತಿ. ಪಾಳಿ ಕೆಲಸದವರು, ಮಗುವಿಗೆ ಜ್ವರ ಬಂದರೆ ಬಾರದವರು, ಎರಡು ವಾರ ಬಂದು ಕಣ್ಮರೆಯಾಗುವವರು. ನೋಡಿದಳು, ಮತ್ತು ಆಮೇಲೆಯೇ ಖಾಲಿ ಮನೆಗಳು ಅವಳ ಕಣ್ಣಿಗೆ ಬಿದ್ದದ್ದು. ಯಾವುದು ಮೊದಲು, ಯಾವುದು ಆಮೇಲೆ. ಎಷ್ಟು ಸಲ ನೆನಪಿಸಿಕೊಂಡರೂ ಆ ಅನುಕ್ರಮ ಬದಲಾಗುತ್ತಿರಲಿಲ್ಲ. ಕಾಲಮ್ಮನ್ನು ಒತ್ತಿ ಅಳಿಸಿದ್ದಳು. ಒಂದು ಬಿಸ್ಕತ್ತು ತಿಂದಿದ್ದಳು ಕೂಡ.

ಪೆನ್ರಿ ಕೆಟ್ಟವನಲ್ಲ. ಚಿಕ್ಕ ಕಾಲೇಜಿನ ಪ್ರಾಂಶುಪಾಲ, ಸೋರುವ ಸೂರಿನ ಕೆಳಗೆ ತಾನೇ ಬಕೆಟ್ ಇಡುವವನು. ಅನುದಾನ ಸಾಲದೆ ಅವನು ಒಂದು ತರಗತಿಯನ್ನು ಮುಚ್ಚಬೇಕಿತ್ತು, ಮುಚ್ಚಿದ ಪಾಪ ತನ್ನ ಕೈಗೆ ಅಂಟಬಾರದಿತ್ತು. "ನಿಜವಾದ ಅಂಕಿಅಂಶ ಬೇಕು ಬೇಕು ಅಂತಿದ್ದೆಯಲ್ಲ ಮೇನಿರ್, ಇಗೋ ತಗೋ," ಎಂದಿದ್ದ. "ಹೆಸರು ಮುಚ್ಚಿ ಕೊಡು ನಿನ್ನ ಕಲಿಯೋರಿಗೆ. ಅವರು ಮಾಡಿದ್ದನ್ನ ಕಾಲೇಜು ಮಂಡಳಿ ಮುಂದೆ ಇಡಣ. ನಿನ್ನ ಕ್ಲಾಸೂ ತೂಗುಯ್ಯಾಲೆಲೇ ಇದೆ, ಗೊತ್ತಲ್ಲ? ಕಣ್ಣೆದುರು ಕೆಲಸ ತೋರಿಸಿದ್ರೆ ಅದನ್ನ ಯಾರು ಮುಟ್ತಾರೆ?" ಬೇಕು ಬೇಕು ಎಂದದ್ದೂ ನಿಜವೇ. ಜಿಲ್ಲಾ ಕಚೇರಿಯವರು ಎಸೆದ ಕಂಪ್ಯೂಟರುಗಳು, ಅರ್ಧ ಸತ್ತವು. ಒಂದೊಂದರ ಮುಂದೆ ಇಬ್ಬಿಬ್ಬರು. ಮಹಡಿಯಲ್ಲಿ ಕೂದಲು ಕತ್ತರಿಸುವ ತರಗತಿಯವರು ಒಣಗಿಸುವ ಯಂತ್ರಗಳನ್ನೆಲ್ಲ ಒಟ್ಟಿಗೆ ಹಾಕಿದರೆ ಕೆಳಗೆ ಪರದೆಗಳು ಕಪ್ಪಾಗುತ್ತಿದ್ದವು. ಕಲಿಸಲು ಅವಳ ಬಳಿ ಇದ್ದದ್ದು ತಾನೇ ಕಟ್ಟಿದ ಒಂದು ಐಸ್‌ಕ್ರೀಮ್ ಅಂಗಡಿಯ ಲೆಕ್ಕ, ಬಿಸಿಲು ಹೆಚ್ಚಾದರೆ ಮಾರಾಟ ಹೆಚ್ಚಾಗುವುದು. ಹೇಲ್ವೆನ್ ಒಂದು ದಿನ ಮೌಸನ್ನು ತಳ್ಳಿ, "ಈ ಅಂಗಡಿ ಎಲ್ಲಿದೆ ಹೇಳು ಮೇನಿರ್, ನಾನೇ ಹೋಗಿ ಕಲ್ಲು ಹೊಡೆದು ಬರ್ತೀನಿ," ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಹೇಲ್ವೆನ್ ರಾತ್ರಿಪಾಳಿಯಲ್ಲಿ ವೃದ್ಧಾಶ್ರಮದ ಬಟ್ಟೆ ಒಗೆಯುತ್ತಿದ್ದಳು. ಅಲ್ಲಿಂದ ನೇರ ತರಗತಿಗೆ ಬರುತ್ತಿದ್ದಳು, ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿ. ಶಾಲೆಯಲ್ಲಿ ಇವಳಿಗೆ ಲೆಕ್ಕ ಹತ್ತುವುದಿಲ್ಲ ಎಂದು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರಂತೆ. ಆಸ್ಪತ್ರೆಯ ಕಚೇರಿಯಲ್ಲಿ ಹಗಲಿನ ಕೆಲಸ ಸಿಗಬೇಕು, ರಾತ್ರಿ ತಮ್ಮನ ಜೊತೆ ಮನೆಯಲ್ಲಿರಬೇಕು, ಅಷ್ಟೇ ಅವಳ ಆಸೆ.

ನಿಜವಾದ ಅಂಕಿಗಳು ಬಂದಾಗ ತರಗತಿ ಬೇರೆಯೇ ಆಯಿತು. ಅವರು ಜಗಳವಾಡಿದರು. ಸರಾಸರಿ ಹಿಡಿಯಬೇಕೋ ನಡುವಿನದನ್ನು ಹಿಡಿಯಬೇಕೋ ಎಂದು ಕೂಗಾಡಿದರು. ಅವಳು ಗೋಡೆಗೊರಗಿ ನಿಂತು, ಇಷ್ಟು ವರ್ಷದಲ್ಲಿ ಮೊದಲ ಸಲ ತಾನು ಕಲಿಸಿದ್ದು ಯಾರೋ ಒಬ್ಬರ ಒಳಗೆ ಹೊತ್ತಿಕೊಂಡದ್ದನ್ನು ನೋಡಿ ಸಂತೋಷಪಟ್ಟಿದ್ದಳು. ಆ ಸಂತೋಷವೂ ನಿಜ. ಖರ್ಚು, ತೇರ್ಗಡೆ, ಆಮೇಲೆ ಕೆಲಸ ಸಿಕ್ಕವರು, ಈ ಮೂರರಲ್ಲೂ ಎಫ್ ಎಂಬ ಅಕ್ಷರ ಎಲ್ಲಕ್ಕಿಂತ ಹಿಂದೆ ಬಿದ್ದಿತ್ತು. ಎಲ್ಲರಿಗಿಂತ ಚೆನ್ನಾಗಿ ಚಿತ್ರ ಮಾಡಿದವಳು ಹೇಲ್ವೆನ್. "ತಲೆಬರಹ ಸುಮ್ನೆ ವಿಷಯ ಹೇಳ್ಬಾರದು, ತೀರ್ಪು ಹೇಳ್ಬೇಕು," ಎಂದು ಮೇನಿರ್ ಅವಳ ಹೆಗಲ ಮೇಲೆ ಬಾಗಿ ಹೇಳಿದ್ದಳು, ಮತ್ತು ಹೇಲ್ವೆನ್ ತುಟಿ ಕಚ್ಚಿ ಯೋಚಿಸಿ, 'ಮೊದಲು ಮುಚ್ಚಬೇಕಾದದ್ದು: ಎಫ್' ಎಂದು ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದ್ದಳು. ಮಂಡಳಿಯ ಮುಂದೆ ಪಕ್ಕದ ಮನೆಯವಳ ಕೋಟು ತೊಟ್ಟು ನಿಂತಿದ್ದಳು. ತೋಳು ಉದ್ದವಾಗಿತ್ತು. "ಹಾಗಾದರೆ ಎಫ್ ಬಗ್ಗೆ ನಿನಗೆ ಅನುಮಾನವೇ ಇಲ್ಲ?" ಎಂದು ಒಬ್ಬ ಮುದುಕ ಕೇಳಿದಾಗ, "ಅಂಕಿ ಹಂಗೆ ಹೇಳ್ತಾವೆ ಸರ್," ಎಂದಳು. ಯಾವ ಅಕ್ಷರ ಯಾವ ತರಗತಿ ಎಂಬುದು ಮಂಡಳಿಯವರ ಕೈಯಲ್ಲಿತ್ತು. ಕೋಣೆಯಲ್ಲಿ ಅದು ಗೊತ್ತಿಲ್ಲದವಳು ಅವಳೊಬ್ಬಳೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇನಿರ್ ಕೂಡ ತಟ್ಟಿದಳು, ಬಹುಶಃ ಎಲ್ಲರಿಗಿಂತ ಜೋರಾಗಿ.

ತರಗತಿಯ ಬಾಗಿಲು ತೆಗೆದಾಗ ಹೇಲ್ವೆನಳ ಜಾಗ ಖಾಲಿಯಿತ್ತು. ಸದ್ಯ ಬದುಕಿದೆ ಎನ್ನಿಸಿತು. ಅವಳು ಇವತ್ತು ಬರಲಾರಳು, ಮುಂದಿನ ವಾರದ ಹೊತ್ತಿಗೆ ಏನಾದರೂ ಹೊಳೆಯುತ್ತದೆ. ನಿವೃತ್ತ ಬಸ್ ಚಾಲಕ ಇವೋರ್ ತನ್ನ ಯಂತ್ರದ ತಲೆಗೆ ಒಂದು ಏಟು ಕೊಟ್ಟು, "ಇವತ್ತು ಇದಕ್ಕೆ ಮೈ ಸರಿಯಿಲ್ಲ, ರಜ ಕೊಟ್ಬಿಡು," ಎಂದ. ಮೇನಿರ್ ನಕ್ಕಳು, ಹಲಗೆಯ ಮೇಲೆ ಅಡ್ಡ ಗೆರೆ, ಉದ್ದ ಗೆರೆ ಎಳೆದಳು. ಆಗ ಬಾಗಿಲು ತೆರೆದುಕೊಂಡಿತು. ಹೇಲ್ವೆನ್ ಬಂದಳು, ಅವಳ ಹಿಂದೆ, ಕುತ್ತಿಗೆಯ ತನಕ ಜಿಪ್ ಎಳೆದ ಕೆಂಪು ಕೋಟಿನಲ್ಲಿ, ಅವಳ ತಮ್ಮ ಗೆಥಿನ್.

"ಮನೇಲಿ ಬಿಟ್ಟು ಬರೋ ಹಾಗಿರ್ಲಿಲ್ಲ," ಎಂದಳು ಹೇಲ್ವೆನ್. "ಇವತ್ತು ಪಾಳಿ ಮುಗಿಸಿ ಮನೆಗೆ ಹೋದ್ರೆ, ಚೀಲ ಹಾಕ್ಕೊಂಡು ಬಾಗಿಲ ಹತ್ರ ನಿಂತ್ಬಿಟ್ಟಿದ್ದ. ಮೂಲೇಲಿ ಕೂತಿರ್ತಾನೆ, ತೊಂದ್ರೆ ಕೊಡಲ್ಲ."

"ತೊಂದ್ರೆ ಕೊಡಲ್ಲ," ಎಂದ ಗೆಥಿನ್. ಮೂವತ್ತು ದಾಟಿದವನು, ತಲೆ ಮುಂದೆ ಬೋಳಾಗುತ್ತಿತ್ತು. ಮೂಲೆಗೆ ಹೋಗಲಿಲ್ಲ. ಒಬ್ಬೊಬ್ಬರ ಬಳಿಗೂ ಹೋಗಿ ಕೈಕುಲುಕಿ ಹೆಸರು ಕೇಳಿದ. ಇವೋರ್ ಎದ್ದು ನಿಂತು, "ನಿನ್ನ ನಾನು ಎಷ್ಟು ಸಲ ಕರ್ಕೊಂಡು ಹೋಗಿದ್ದೀನಿ ಮಾರಾಯ, ಮರ್ತ್ಯಾ?" ಎಂದ. "ನೀವು ಬೇಗ ಬ್ರೇಕ್ ಹಾಕ್ತಿದ್ರಿ," ಎಂದ ಗೆಥಿನ್. ಎಲ್ಲರೂ ನಕ್ಕರು. ಆ ನಗುವಿನ ಮರೆಯಲ್ಲಿ ಹೇಲ್ವೆನ್ ಹಲಗೆಯ ಹತ್ತಿರ ಬಂದಳು.

"ಒಂದು ಕೇಳ್ಲಾ? ಗೆಥಿನ್ ಕ್ಲಾಸು ಮುಚ್ಚಿದ್ರಲ್ಲ. ನಾವು ಮಾಡಿದ್ವಲ್ಲ ಆ ಅಕ್ಷರಗಳು, ಅದ್ರಲ್ಲಿ ಅವನ ಕ್ಲಾಸು ಯಾವುದು?"

ರಾತ್ರಿಪಾಳಿಯ ಕೆಂಪು ಕಣ್ಣುಗಳು. ಅವಳಿಗೆ ಗೊತ್ತು, ಎನ್ನಿಸಿತು ಮೇನಿರ್‌ಗೆ. ಗೊತ್ತಿದ್ದೂ ನನ್ನ ಬಾಯಿಂದ ಅಲ್ಲ ಎನ್ನಿಸಿಕೊಳ್ಳಲು ಬಂದಿದ್ದಾಳೆ.

"ನಂಗೆ ಗೊತ್ತಿಲ್ಲ ಹೇಲ್ವೆನ್. ಹೆಸರು ತೆಗೆದಿದ್ದು ಆಫೀಸಿನೋರು."

ಹೇಲ್ವೆನಳ ಭುಜಗಳು ಇಳಿದವು. ಇಳಿದದ್ದು ಕಣ್ಣಿಗೆ ಕಂಡಿತು, ಯಾರೋ ಹೆಗಲ ಮೇಲಿನ ಮೂಟೆ ತೆಗೆದುಕೊಂಡ ಹಾಗೆ. "ಅಲ್ವಾ? ಅದೇ ಅಂದ್ಕೊಂಡೆ. ರಾತ್ರಿಯೆಲ್ಲ ಏನೇನೋ ತಲೇಲಿ. ಎಫ್ ಆಗಿರಕ್ಕಿಲ್ಲ ಬಿಡು. ಎಫ್ ಅಂದ್ರೆ ಯಾವುದೋ ಬರೀ ದಂಡದ್ದು," ಎಂದು ನಕ್ಕುಬಿಟ್ಟಳು.

ಪಾಠ ಮುಂದುವರಿಯಿತು. ಮೇನಿರ್ ಏನು ಹೇಳುತ್ತಿದ್ದಳೋ ಅವಳಿಗೇ ಕೇಳಿಸುತ್ತಿರಲಿಲ್ಲ. ಬಾಯಿ ತನ್ನ ಪಾಡಿಗೆ ತಾನು ಹೇಳುತ್ತಿತ್ತು. ಚಿಕ್ಕವಳಿದ್ದಾಗ ಪ್ರಾರ್ಥನಾಮಂದಿರದಲ್ಲಿ ಅಪ್ಪನ ಪಕ್ಕ ಕೂತು ಅರ್ಥ ಬಿಟ್ಟು ಹಾಡುತ್ತಿದ್ದಳಲ್ಲ, ಹಾಗೆ. ಗೆಥಿನ್ ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡು ಪರದೆಯನ್ನೇ ನೋಡುತ್ತಿದ್ದ. ಹೇಲ್ವೆನ್ ಅವನಿಗೆ ಪಿಸುಗುಟ್ಟಿ ಹೇಳಿಕೊಡುತ್ತಿದ್ದಳು: ಇದು ಅಡ್ಡ, ಇದು ಉದ್ದ, ಇಲ್ಲಿ ಒತ್ತಿದರೆ ಬಣ್ಣ ಬರುತ್ತದೆ. ಮೇನಿರಳ ಮಾತುಗಳೇ, ಅದೇ ಏರಿಳಿತದಲ್ಲಿ. ಅವಳು ಒಳ್ಳೆಯ ಶಿಕ್ಷಕಿಯಾಗುತ್ತಾಳೆ, ನನಗಿಂತ ತಾಳ್ಮೆಯಿದೆ, ಎಂದುಕೊಂಡಳು ಮೇನಿರ್. ಆಗ ಹೇಲ್ವೆನ್ ಕೈಯೆತ್ತಿದಳು, ಶಾಲೆಯ ಹುಡುಗಿಯ ಹಾಗೆ.

"ಮೇನಿರ್, ಇವತ್ತು ಐಸ್‌ಕ್ರೀಮ್ ಬೇಡ. ಏರ್ಲಿಸ್ ಹೇಳ್ತಿದ್ಲು, ಗೆಥಿನ್ ಕ್ಲಾಸಲ್ಲಿ ಒಬ್ಬರೂ ತಪ್ಪಿಸಲ್ವಂತೆ. ಹಾಜರೀದು ಒಂದು ಚಿತ್ರ ಮಾಡಣ. ಎಲ್ಲಾ ಕ್ಲಾಸಿಂದೂ ಪಕ್ಕಪಕ್ಕ ಇಟ್ಟು. ಮಂಡಳಿಯೋರಿಗೆ ನಾನೇ ಹೋಗಿ ತೋರಿಸ್ತೀನಿ. ನಮಗೆ ಕೊಟ್ಟ ಅಂಕಿಯಲ್ಲಿ ಹಾಜರಿ ಇರ್ಲೇ ಇಲ್ಲ ನೋಡು, ಅವರಿಗೆ ಗೊತ್ತೇ ಇಲ್ಲ ಪಾಪ."

"ಒಳ್ಳೇ ಐಡಿಯಾ," ಎಂದ ಇವೋರ್. "ತರಿಸ್ಕೊಡು ಮೇನಿರ್."

ಆ ಕ್ಷಣ ಮಹಡಿಯಲ್ಲಿ ಯಂತ್ರಗಳು ಒಟ್ಟಿಗೆ ಗುಂಯ್‌ಗುಟ್ಟಿದವು, ಪರದೆಗಳು ಒಂದೊಂದಾಗಿ ಕಪ್ಪಾದವು. ಯಾರೋ ಹಲ್ಲು ಕಡಿದು ಬೈದರು. ನೋಡಲು ಏನೂ ಉಳಿಯದೆ ಎಲ್ಲರೂ ಅವಳನ್ನೇ ನೋಡಿದರು.

"ಎಫ್," ಎಂದಳು ಮೇನಿರ್.

"ಏನು?"

"ಗೆಥಿನ್ ಕ್ಲಾಸು ಎಫ್. ಅಕ್ಷರ ಹಾಕಿದ್ದು ನಾನೇ, ಆಫೀಸಿನೋರಲ್ಲ. ಹಾಜರಿ ಇತ್ತು ಹೇಲ್ವೆನ್. ಅದ್ರಲ್ಲಿ ಎಫ್ ಎಲ್ಲಕ್ಕಿಂತ ಮೇಲಿತ್ತು. ನಾನು ತೆಗೆದೆ."

"ಯಾಕೆ?"

"ಖಾಲಿ ಮನೆಗಳು..." ಎಂದು ಬಾಯಿ ತಾನಾಗಿ ಶುರುಮಾಡಿತು. ನಿಲ್ಲಿಸಿದಳು. "ಅದ್ರಲ್ಲಿ ನಮ್ಮ ಕ್ಲಾಸು ಕೊನೇಲಿತ್ತು."

ಮೇಲೆ ಯಾರದೋ ಕೂದಲು ಒಣಗುತ್ತಿತ್ತು. ಹೇಲ್ವೆನ್ ಕಪ್ಪು ಪರದೆಯನ್ನು ನೋಡುತ್ತಿದ್ದಳು, ಅದರಲ್ಲಿ ಅವಳದೂ ತಮ್ಮನದೂ ಮುಖ ಕಾಣುತ್ತಿದ್ದಿರಬೇಕು. ಬೈದರೆ, ಏನಾದರೂ ಎತ್ತಿ ಎಸೆದರೆ ಎಂದು ಮೇನಿರ್ ಕಾಯ್ದಳು. ಕಾಯುತ್ತಿರುವುದರಲ್ಲಿ ಒಂದು ಬಗೆಯ ಹಂಬಲವಿತ್ತು.

"ಆವತ್ತು ನಾನು ಎದ್ದು ಹೇಳ್ದಾಗ, ನೀನು ಚಪ್ಪಾಳೆ ತಟ್ಟಿದೆ," ಎಂದಳು ಹೇಲ್ವೆನ್. ದನಿ ಏರಿರಲಿಲ್ಲ.

"ತಟ್ಟಿದೆ."

"ಮನೇಗೆ ಹೋಗಿ ಇವನಿಗೆ ಅದನ್ನ ತೋರಿಸ್ದೆ ನಾನು. ಪ್ರಿಂಟು ತಗೊಂಡು ಫ್ರಿಜ್ ಮೇಲೆ ಅಂಟಿಸಿದ್ದಾನೆ." ಅವಳು ಎದ್ದಳು. "ಗೆಥಿನ್, ಕೋಟು ಹಾಕ್ಕೋ."

"ಕ್ಲಾಸು ಮುಗಿದಿಲ್ಲ."

"ಮುಗೀತು."

"ಈಗ ತಾನೆ ಬಂದ್ವಿ!"

"ಮುಗೀತು ಅಂದೆ ತಾನೆ."

ಆದರೆ ಗೆಥಿನ್ ಕೈಕುಲುಕದೆ ಯಾವ ಕೋಣೆಯನ್ನೂ ಬಿಡುವವನಲ್ಲ. ಇವೋರ್‌ನಿಂದ ಹಿಡಿದು ಒಬ್ಬೊಬ್ಬರನ್ನೂ ಹೆಸರಿನಿಂದ ಕರೆದು ಬೀಳ್ಕೊಂಡ. ಅವರೂ ಒಬ್ಬೊಬ್ಬರಾಗಿ ಎದ್ದು ನಿಂತರು. ಹೇಲ್ವೆನ್ ಬಾಗಿಲಲ್ಲಿ ಗೋಡೆಯ ಕಡೆ ತಿರುಗಿ ಕಾಯ್ದಳು. ಕೊನೆಗೆ ಅವನು ಮೇನಿರಳ ಎದುರು ನಿಂತು ಕೈ ಚಾಚಿದ. ಬೆಚ್ಚಗಿನ, ದಪ್ಪನೆಯ ಕೈ. "ಬಣ್ಣ ಹಾಕೋದು ಚೆನ್ನಾಗಿತ್ತು," ಎಂದ. ಅವಳಿಗೆ ಕೈ ಬಿಡಿಸಿಕೊಳ್ಳುವುದು ಹೇಗೆಂದು ತಿಳಿಯಲಿಲ್ಲ, ಅವನೇ ಬಿಟ್ಟ.

ಪರದೆಗಳು ಮತ್ತೆ ಹೊತ್ತಿಕೊಂಡರೂ ಯಾರೂ ಕೀಲಿಮಣೆ ಮುಟ್ಟಲಿಲ್ಲ. ಇವೋರ್ ಟೊಪ್ಪಿಗೆ ಹುಡುಕಿಕೊಂಡ. "ಹೇಳಿದ್ದರಿಂದ ನಿಂಗೆ ಸ್ವಲ್ಪ ಹಗುರ ಆಗಿರ್ಬೇಕು," ಎಂದ, ಅವಳತ್ತ ನೋಡದೆ. "ಅವಳು ಇವತ್ತಿನ ತನಕ ನಿದ್ದೆ ಮಾಡ್ತಿದ್ಲು."

ಆ ಮಾತು ನಾಟಿದ್ದು ಆಮೇಲೆ, ಪೆನ್ರಿಯ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿ, ಹಾಜರಿಯ ಕಾಲಂ ಸೇರಿಸಿ ಮತ್ತೆ ಲೆಕ್ಕ ಹಾಕಿಸಬೇಕೆಂದು ಕೇಳಿದ ನಂತರ. ಪೆನ್ರಿ ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿದ. "ಕಾಲಂ ಇದ್ದಿದ್ರೂ ಎಫ್ಫೇ ಹೋಗ್ತಿತ್ತು ಮೇನಿರ್. ಹಾಜರಿಗೆ ಯಾರೂ ಅನುದಾನ ಕೊಡಲ್ಲ. ನೀನು ಸುಮ್ನೆ ಕೊರಗ್ತಿದ್ದೀಯ," ಎಂದ. ಇಷ್ಟು ಹೊತ್ತು ಹಿಡಿದುಕೊಂಡಿದ್ದ ಒಂದೇ ವಸ್ತುವನ್ನು, ತನ್ನ ತಪ್ಪಿನ ತೂಕವನ್ನು, ಅವನು ಕೈಯಿಂದ ಕಿತ್ತುಕೊಂಡ ಹಾಗಾಯಿತು. ಕಾಲಂ ತೆಗೆದದ್ದರಿಂದ ಏನೂ ಬದಲಾಗಿರಲಿಲ್ಲ. ಹೇಳಿದ್ದರಿಂದ ಬದಲಾದದ್ದು ಒಂದೇ: ಇನ್ನು ಮೇಲೆ ಹೇಲ್ವೆನ್‌ಗೆ ಆ ಚಿತ್ರದ ಎಫ್ ಯಾರದೆಂದು ಗೊತ್ತು.

ಹೇಲ್ವೆನ್ ಮತ್ತೆ ಬರಲಿಲ್ಲ. ಇವೋರ್ ಎರಡು ವಾರ ಬಂದು, ಮೊಣಕಾಲಿನ ನೆಪ ಹೇಳಿ ನಿಂತ. ಮೇನಿರಳ ತರಗತಿ ವಸಂತದ ತನಕ ಕುಂಟುತ್ತ ನಡೆದು, ಯಾರ ತೀರ್ಪೂ ಇಲ್ಲದೆ, ಬರುವವರೇ ಇಲ್ಲದೆ ಮುಚ್ಚಿತು. ಏರ್ಲಿಸ್ ಮಗಳ ಊರಿಗೆ ಹೋದಳು. ಹೋಗುವ ದಿನ ತನ್ನ ಕಪ್ಪನ್ನು ತೊಳೆದು ಒರೆಸಿ ಚೀಲಕ್ಕೆ ಹಾಕಿಕೊಂಡು, "ಬರ್ತೀನಿ," ಎಂದಳು. ಅಷ್ಟೇ. ಮೇನಿರ್‌ಗೆ ಹಗಲುಗಳು ಉದ್ದವಾದವು. ಅಂಗಡಿಯ ಸಾಲಿನಲ್ಲಿ ಕೆಂಪು ಕೋಟು ಕಂಡರೆ ಸಾಲು ಬಿಟ್ಟು ಹೊರಟುಬಿಡುತ್ತಿದ್ದಳು. ಗೆಥಿನ್ ಈಗ ದಿನವಿಡೀ ಮನೆಯಲ್ಲೇ ಇರುತ್ತಾನೆಂದೂ, ಹೇಲ್ವೆನ್ ಹಗಲು ಮಲಗಲಾರದೆ ಕೆಲಸದಲ್ಲಿ ತೂಕಡಿಸಿ ಬೈಸಿಕೊಂಡಳೆಂದೂ ಇವೋರ್ ಒಮ್ಮೆ ರಸ್ತೆಯಲ್ಲಿ ಸಿಕ್ಕಾಗ ಹೇಳಿದ. ತಾನು ಹೋಗಿ ವಾರಕ್ಕೆ ಎರಡು ದಿನ ಅವನ ಜೊತೆ ಕೂರಬಹುದಲ್ಲ, ಬಸ್ಸಿನಲ್ಲಿ ಕರೆದೊಯ್ಯಬಹುದಲ್ಲ ಎಂದು ಅವಳಿಗೆ ತೋಚಿತು. ಕ್ಷಮೆ ಕೇಳಲು ಅಲ್ಲ, ಎಂದುಕೊಂಡಳು. ಅದೂ ಸುಳ್ಳೆಂದು ಗೊತ್ತಾದರೂ ಹೊರಟಳು.

ಗಣಿ ಕಾರ್ಮಿಕರ ಹಳೆಯ ಸಾಲುಮನೆ. ಹಗಲು ಹನ್ನೆರಡಾಗಿದ್ದರೂ ಕಿಟಕಿಯ ಪರದೆಗಳು ಮುಚ್ಚಿದ್ದವು. ಬಾಗಿಲು ತಟ್ಟಿದಳು. ಮತ್ತೆ ತಟ್ಟಿದಳು. ಆಮೇಲೆ ಹೆಜ್ಜೆಗಳು, ಸರಪಳಿ ಸಿಕ್ಕಿಸುವ ಸದ್ದು. ಬಾಗಿಲು ಒಂದು ಅಂಗೈಯಷ್ಟು ತೆರೆಯಿತು. ಸರಪಳಿಯ ಮೇಲೆ ಗೆಥಿನ್‌ನ ಒಂದು ಕಣ್ಣು.

"ಯಾರು ನೀವು?"

"ನಾನು ಮೇನಿರ್. ಕಾಲೇಜಿನೋಳು. ನೆನಪಿದೆಯಾ?"

"ನೆನಪಿದೆ." ಆದರೂ ಸರಪಳಿ ಕದಲಲಿಲ್ಲ. ಅವನು ಉಸಿರು ಎಳೆದುಕೊಂಡು, ಬಾಯಿಪಾಠ ಒಪ್ಪಿಸುವವನ ದನಿಯಲ್ಲಿ ಹೇಳಿದ: "ಅಕ್ಕ ಈಗ ಬಾಗಿಲಿಗೆ ಬರೋಕ್ಕಾಗಲ್ಲ. ನೀವು ಬರ್ತೀರ ಅಂತ ನಂಗೆ ಯಾರೂ ಹೇಳಿಲ್ಲ. ಹೇಳದೆ ಬಂದೋರಿಗೆ ನಾನು ಬಾಗಿಲು ತೆಗೆಯಲ್ಲ."

ಇದು ಏರ್ಲಿಸ್ ಕಲಿಸಿದ್ದು, ಎಂದು ಗೊತ್ತಾಯಿತು ಮೇನಿರ್‌ಗೆ. ಯಾವುದೋ ಚಳಿಗಾಲದ ಬೆಳಿಗ್ಗೆ ಏರ್ಲಿಸ್ ತನ್ನ ತರಗತಿಯ ಬಾಗಿಲಾಚೆ ನಿಂತು ತಟ್ಟಿ, ಅಪರಿಚಿತಳ ದನಿ ಮಾಡಿ, ಗೋಗರೆದು, ನಗಿಸಿ, ಮತ್ತೆ ಮತ್ತೆ ಹೇಳಿಸಿರಬೇಕು, ಅವನ ನಾಲಿಗೆಗೆ ಅದು ಕೂರುವ ತನಕ.

"ಸ್ವಲ್ಪ ಹೊತ್ತು ನಿನ್ನ ಜೊತೆ ಕೂತು ಹೋಗೋಣ ಅಂತ ಬಂದೆ ಗೆಥಿನ್."

"ಗೊತ್ತಿರೋರು ಆದ್ರೂ ತೆಗೆಯಲ್ಲ," ಎಂದ ಅವನು, ಮರೆತ ಒಂದು ಸಾಲು ನೆನಪಾದವನಂತೆ ಅವಸರದಲ್ಲಿ. ಆಮೇಲೆ ಅನುಮಾನದಿಂದ ಕಣ್ಣು ಕಿರಿದಾಗಿಸಿ, "ಸರಿಯಾಗಿ ಹೇಳಿದ್ನಾ?" ಎಂದ.

"ಸರಿಯಾಗಿ ಹೇಳ್ದೆ," ಎಂದಳು ಮೇನಿರ್.

ಅವನು ತಲೆಯಾಡಿಸಿ ಬಾಗಿಲು ಮುಚ್ಚಿದ. ಒಳಗಿನಿಂದ ಮೇಲಿನ ಅಗುಳಿ ಬಿತ್ತು, ಆಮೇಲೆ ಕೆಳಗಿನದು. ಎರಡೂ ಬಿದ್ದಿವೆಯೇ ಎಂದು ಅವನು ಬಾಗಿಲನ್ನು ಒಮ್ಮೆ ಎಳೆದು ನೋಡಿದ್ದು ಅವಳಿಗೆ ಕೇಳಿಸಿತು.